ಎಲ್ಲಿ, ಸ್ವಲ್ಪ ನಗು ನೋಡೋಣ

ಫೋಟೋ ಮಾವನ ಫೋಟೋ ಈ ಭೂಮಿಯ ಮೇಲೆ ಎಲ್ಲೂ ಇಲ್ಲವೆಂಬ ಸಂಗತಿ ಬಯಲಾದದ್ದು ಒಂದು ಗೋಡೆಯ ದೆಸೆಯಿಂದ.

ಅವನ ಅಕ್ಕನ ಮಗಳು ಹೊಸ ಮನೆ ಮಾಡಿದ್ದಳು. ಹಾಲಿನ ಒಂದು ಗೋಡೆಯನ್ನು ಬಂಧುಬಳಗದ ಚಿತ್ರಗಳಿಗೆಂದೇ ಮೀಸಲಿಟ್ಟಿದ್ದಳು. ಅಜ್ಜ ಅಜ್ಜಿಯರಿದ್ದರು, ಅಪ್ಪ ಅಮ್ಮ ಇದ್ದರು, ಮುಖ ಊದಿಸಿಕೊಂಡ ಚಿಕ್ಕಪ್ಪಂದಿರಿದ್ದರು, ಹಲ್ಲಿಲ್ಲದ ಕೂಸುಗಳಿದ್ದವು. ಗಂಡನ ಮನೆಯ ನಾಯಿಗೂ ಒಂದು ಚೌಕಟ್ಟು ಸಿಕ್ಕಿತ್ತು. ಸೋಮವಾರ ಅವಳು ಮಾವನಿಗೆ ಫೋನ್ ಮಾಡಿದಳು.

"ಮಾವ, ಇರೋ ಆಲ್ಬಂ ಎಲ್ಲಾ ತಿರುವಿ ಹಾಕ್ದೆ. ನೀನು ಎಲ್ಲೂ ಇಲ್ಲ. ಒಂದು ಫೋಟೋದಲ್ಲಿ ಅಮ್ಮನ ಕಾಲ ಮೇಲೆ ಯಾರದೋ ನೆರಳು ಬಿದ್ದಿದೆ. ಅದು ನಿಂದಾ?"

"ನಂದೇ ಇರ್ಬೇಕು. ಸೂರ್ಯ ಬೆನ್ನ ಹಿಂದೆ ಇದ್ದ."

"ನೆರಳಿಗೆ ಫ್ರೇಮ್ ಹಾಕಿಸ್ಲಾ ನಾನು? ಒಂದು ಒಳ್ಳೇ ಫೋಟೋ ಕಳ್ಸು. ಭಾನುವಾರ ಮೊಳೆ ಹೊಡೆಯೋರು ಬರ್ತಾರೆ. ನಡುಮಧ್ಯದ ಜಾಗ ನಿನಗೇ ಅಂತ ಬಿಟ್ಟಿದೀನಿ."

ನಡುಮಧ್ಯದ ಜಾಗ! ಐವತ್ತೆರಡು ವರ್ಷದ ಆಯುಷ್ಯದಲ್ಲಿ ಮಾವನಿಗೆ ಯಾವುದರ ನಡುಮಧ್ಯವೂ ಸಿಕ್ಕಿರಲಿಲ್ಲ. ಬಸ್ಸಿನಲ್ಲಿ ಸಹ ಕೊನೆಯ ಸೀಟೇ.

ತಪ್ಪು ಆಲ್ಬಂಗಳದ್ದಲ್ಲ. ನೆಂಟರು ನಾಲ್ಕು ಜನ ಸೇರಿದರೆ ಸಾಕು, "ಮಾವ ಎಲ್ಲಿ, ಮಾವ ಎಲ್ಲಿ" ಎಂದು ಕೂಗು ಏಳುತ್ತಿತ್ತು. ನನ್ನನ್ನೂ ನೆನೆಯುವವರಿದ್ದಾರಲ್ಲ ಎಂದು ಅವನು ಓಡಿಬಂದರೆ ಕೈಗೆ ಕ್ಯಾಮೆರಾ ಕೊಡುತ್ತಿದ್ದರು. ತೆಗೆದಾದ ಮೇಲೆ "ಎಲ್ಲರೂ ಬಂದರಾ?" ಎಂದು ಯಾರೋ ಕೇಳುವುದು, "ಎಲ್ಲರೂ ಬಂದಿದಾರೆ" ಎಂದು ಅವನೇ ಉತ್ತರ ಕೊಡುವುದು ವಾಡಿಕೆಯಾಗಿತ್ತು.

ಅವನ ಮದುವೆ ಆಗದ್ದೂ ಈ ಕಲೆಯಿಂದಲೇ ಎನ್ನುವವರಿದ್ದಾರೆ. ಸಂಬಂಧ ಕೇಳಲು ಹೋದ ಮನೆಯಲ್ಲಿ ಸುಮ್ಮನೆ ಕೂತಿರಲಾರದೆ ಹುಡುಗಿಯನ್ನು ಕಿಟಕಿಯ ಪಕ್ಕ ಕೂರಿಸಿ ಒಂದು ಫೋಟೋ ತೆಗೆದುಕೊಟ್ಟು ಬರುತ್ತಿದ್ದ. ಅದು ಎಷ್ಟು ಚೆನ್ನಾಗಿ ಬರುತ್ತಿತ್ತೆಂದರೆ, ನೋಡಿದವರು ಇವನಿಗಿಂತ ಒಳ್ಳೆಯ ವರನನ್ನು ಹಿಡಿದು ತರುತ್ತಿದ್ದರು. ಹಾಗೆ ಕೈತಪ್ಪಿದ ಮೂರನೆಯ ಹುಡುಗಿಯ ಮದುವೆಗೆ ಫೋಟೋ ತೆಗೆದವನೂ ಇವನೇ. ಹೊಟ್ಟೆಪಾಡಿಗೆ ಅವನು ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಚೌಕಟ್ಟಿಗೆ ಗಾಜು ಕೂರಿಸುತ್ತಿದ್ದ. ಮುಂದಿನ ಕೋಣೆಯಲ್ಲಿ ಅದನ್ನು ಹಾಕಿಕೊಂಡವರು "ಈಗ ಎಲ್ಲಾ ಸ್ಪಷ್ಟವಾಗಿ ಕಾಣ್ತಿದೆ" ಎನ್ನುತ್ತಿದ್ದರು. ಅವರಿಗೆ ಕಾಣುತ್ತಿದ್ದುದರಲ್ಲಿ ಮಾವ ಇರುತ್ತಿರಲಿಲ್ಲ.

ಸ್ಟುಡಿಯೋಗೆ ಹೋಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಕಲಾವಿದನಿಗೆ ಮಾನ ಮರ್ಯಾದೆ ಬೇಡವೇ? "ಆ ಸ್ಟುಡಿಯೋದವನು ಮುಖಕ್ಕೆ ಟಾರ್ಚ್ ಬಿಟ್ಟ ಹಾಗೆ ಫ್ಲಾಶ್ ಹೊಡೀತಾನೆ. ಕಳ್ಳ ಸಿಕ್ಕಿಬಿದ್ದ ಹಾಗಿರತ್ತೆ" ಎಂದು ಅವನು ತನಗೆ ತಾನೇ ಹೇಳಿಕೊಂಡ. ಬೇರೆ ಯಾರಿಗೆ ಹೇಳಬೇಕು?

ಅವನ ಶಾಸ್ತ್ರ ಸರಳವಾದದ್ದು. ಕಿಟಕಿಯಿಂದ ಒಂದು ಮಾರು ದೂರದಲ್ಲಿ ಕುರ್ಚಿ. ಕೋಣೆಯ ದೀಪ ಆರಿಸಬೇಕು, ಬಲ್ಬಿನ ಬೆಳಕು ಬೆರೆತರೆ ಮುಖಕ್ಕೆ ಕಾಮಾಲೆ ಬಂದಂತಿರುತ್ತದೆ. ಬಿಸಿಲು ನೇರವಾಗಿ ಬೀಳದಂತೆ ತೆಳ್ಳನೆಯ ಪರದೆ ಎಳೆಯಬೇಕು. ಮುಖದ ಒಂದು ಮಗ್ಗುಲು ಕಿಟಕಿಯ ಕಡೆಗೆ. ಇನ್ನೊಂದು ಮಗ್ಗುಲಿನ ನೆರಳು ತಿಳಿಯಾಗಲು ಯಾರಾದರೂ ಒಂದು ಬಿಳಿ ಬೆಡ್‌ಶೀಟ್ ಹಿಡಿದು ನಿಲ್ಲಬೇಕು. ಗಲ್ಲ ಚೂರು ಮುಂದೆ, ಚೂರು ಕೆಳಗೆ. ಇಷ್ಟು ಮಾಡಿದರೆ ಎಂಥ ಸಾಲಗಾರನ ಮುಖವೂ ವಾರವಿಡೀ ನಿದ್ದೆ ಮಾಡಿ ಎದ್ದಂತೆ ಕಾಣುತ್ತದೆ. ಇಡೀ ಶಾಸ್ತ್ರದಲ್ಲಿ ಮಾವನಿಗೆ ತೊಡಕಾದದ್ದು "ಯಾರಾದರೂ" ಎಂಬ ಒಂದೇ ಮಾತು.

ಯಾರೂ ಇಲ್ಲದ್ದರಿಂದ ಬಟ್ಟೆ ಒಣಗಿಸುವ ಸ್ಟ್ಯಾಂಡಿಗೆ ಆ ಕೆಲಸ ಬಿತ್ತು. ಸ್ಟೂಲಿನ ಮೇಲೆ ಸಕ್ಕರೆ ಡಬ್ಬ, ಡಬ್ಬದ ಮೇಲೆ ಮೊಬೈಲು. ಟೈಮರ್ ಒತ್ತಿ, ಓಡಿಬಂದು, ಕುರ್ಚಿಯಲ್ಲಿ ಧೊಪ್ಪನೆ ಕೂತು, ಏದುಸಿರು ಅಡಗಿಸಿ ಸುಂದರನಾಗಲು ಅವನಿಗೆ ಹತ್ತು ಸೆಕೆಂಡುಗಳ ಕಾಲಾವಕಾಶವಿತ್ತು.

ಮೊದಲ ಫೋಟೋದಲ್ಲಿ ಕುರ್ಚಿ ಮಾತ್ರ ಬಂತು. ಎರಡನೆಯದರಲ್ಲಿ ಮಾವನ ಬೆನ್ನು. ಮೂರನೆಯದರಲ್ಲಿ ಬೆಳಕು ಬಹಳ ಚೆನ್ನಾಗಿತ್ತು, ಕಣ್ಣಿನಲ್ಲಿ ಕಿಟಕಿಯ ಪುಟ್ಟ ಚೌಕ ಹೊಳೆಯುತ್ತಿತ್ತು, ಮುಖ ಮಾತ್ರ ಹಲ್ಲುನೋವಿನವನದ್ದು. ನಗು ಬರುತ್ತಿರಲಿಲ್ಲ. ಖಾಲಿ ಕೋಣೆಯಲ್ಲಿ ಸಕ್ಕರೆ ಡಬ್ಬದ ಮುಂದೆ ಕೂತು ನಗುವುದು ಸುಲಭವೆಂದು ತಿಳಿದವರು ಒಮ್ಮೆ ಪ್ರಯತ್ನಿಸಿ ನೋಡಬೇಕು.

ಬೇರೆಯವರನ್ನು ನಗಿಸುವ ವಿದ್ಯೆ ಮಾವನಿಗೆ ಕರಗತವಾಗಿತ್ತು. ಎದುರಿಗಿದ್ದವರನ್ನು ಮಾತಿನಲ್ಲೇ ಸವರುತ್ತಾ ಮುಖದ ಗಂಟು ಬಿಡಿಸುತ್ತಿದ್ದ. ಅದನ್ನೇ ಈಗ ತನ್ನ ಮೇಲೆ ಪ್ರಯೋಗಿಸಿದ. ಮಂಗಳವಾರದಿಂದ ಪ್ರತಿ ಬೆಳಗ್ಗೆ, ಅಂಗಡಿಗೆ ಹೊರಡುವ ಮುಂಚೆ, ಆ ಮನೆಯಿಂದ ಹೀಗೆ ಕೇಳಿಬರತೊಡಗಿತು:

"ಹಾಂ, ಹಾಗೇ... ಕತ್ತು ಸ್ವಲ್ಪ ಈ ಕಡೆ... ಎಷ್ಟು ಚೆನ್ನಾಗಿ ಕಾಣ್ತಿದೀಯ ಗೊತ್ತಾ? ನಾಚ್ಕೋಬೇಡ, ಇಲ್ಲಿ ಯಾರಿದಾರೆ? ನಾನೇ ಅಲ್ವಾ? ಎಲ್ಲಿ, ಸ್ವಲ್ಪ ನಗು ನೋಡೋಣ... ಅಯ್ಯಯ್ಯೋ, ಬಟ್ಟೆ ಜಾರ್ತಿದೆ!"

ಆಮೇಲೆ ಓಟ. ಆಮೇಲೆ ಧೊಪ್.

ಇದೆಲ್ಲ ಬೀಳುತ್ತಿದ್ದುದು ಕೆಳಮನೆಯ ಕಂಡಕ್ಟರರ ತಲೆಯ ಮೇಲೆ. ಅವರು ಬಸ್ಸಿನಿಂದ ನಿವೃತ್ತರಾದವರು. ಹೆಂಡತಿ ಮಗಳ ಹೆರಿಗೆಗೆಂದು ಹೋದವರು, ಮೊಮ್ಮಗ ಶಾಲೆಗೆ ಸೇರಿದರೂ ತಿರುಗಿ ಬಂದಿರಲಿಲ್ಲ. ಜೀವಮಾನವೆಲ್ಲ ನೂಕುನುಗ್ಗಲಿನಲ್ಲಿ ಕಳೆದ ಮನುಷ್ಯನಿಗೆ ಮನೆಯ ಮೌನ ಮೈಗೆ ಹತ್ತಿರಲಿಲ್ಲ. ಹಾಗಾಗಿ ಅವರು ಛಾವಣಿಗೆ ಕಿವಿ ಕೊಡುತ್ತಿದ್ದರು. ಮೇಲಿನ ಮನೆಯಲ್ಲಿ ಚಮಚ ಬಿದ್ದರೆ ಅದು ದೊಡ್ಡದೋ ಚಿಕ್ಕದೋ ಹೇಳಬಲ್ಲವರಾಗಿದ್ದರು. ಅಂಥವರ ಕಿವಿಗೆ "ನಾಚ್ಕೋಬೇಡ" ಎಂಬ ಮಾತು ಬಿದ್ದರೆ ಬಿಡುತ್ತಾರೆಯೇ?

ಬುಧವಾರ ಅವರು ಮೆಟ್ಟಿಲ ಬಳಿ ಕಟ್ಟಡದ ಕಾರ್ಯದರ್ಶಿಯನ್ನು ತಡೆದು ನಿಲ್ಲಿಸಿದರು. ಗುಟ್ಟು ಹೇಳುವಾಗಲೂ ಅವರ ದನಿ ಬಸ್ಸಿನ ಹಿಂದಿನ ಬಾಗಿಲಿಗೆ ತಲುಪುವಂತಿರುತ್ತಿತ್ತು.

"ಮೇಲ್ಗಡೆ ಒಬ್ರು ಹೆಚ್ಚಾಗಿದಾರೆ ಸ್ವಾಮಿ."

"ಫೋಟೋ ಮಾವನ ಮನೇಲಾ? ಅವರ ಮನೆಗೆ ನೊಣಾನೂ ಹೋಗಲ್ಲವಲ್ರೀ."

"ನೊಣಕ್ಕೆ ಯಾರಾದ್ರೂ 'ಎಷ್ಟು ಚೆನ್ನಾಗಿ ಕಾಣ್ತಿದೀಯ' ಅಂತಾರಾ? ಬೆಳಗಾದ್ರೆ ಅದೇ ಮಾತು. ಹೆಣ್ಣುಮಗಳು ಪಾಪ ಮರ್ಯಾದಸ್ಥಳು ಅನ್ಸತ್ತೆ, ಇವರು ಇಷ್ಟು ಹೇಳಿದ್ರೂ ತಿರುಗಿ ಒಂದು ಮಾತಾಡಲ್ಲ."

ಆಗ ಅಲ್ಲೇ ಬಾಗಿಲು ತೆರೆದಿದ್ದ ಟೈಲರಮ್ಮ ಸೂಜಿ ಬಾಯಲ್ಲಿಟ್ಟುಕೊಂಡೇ ಹೊರಬಂದರು. ಮಾವನ ಕಿಟಕಿಗೆ ಪರದೆ ಬಿದ್ದಿರುವುದನ್ನು ತಾವೂ ಗಮನಿಸಿದ್ದಾಗಿ, ದೊಡ್ಡ ಬೆಡ್‌ಶೀಟ್ ತೂಗಾಡುವುದನ್ನೂ ಕಂಡಿದ್ದಾಗಿ, ಆದರೆ ತಾವು ಇನ್ನೊಬ್ಬರ ಮನೆ ಇಣುಕುವವರಲ್ಲ ಎಂದೂ ಸೂಜಿ ತೆಗೆದು ಹೇಳಿದರು. ಮೂವರೂ ಸೇರಿ ಒಂದು ತೀರ್ಮಾನಕ್ಕೆ ಬಂದರು. ಮಾವ ಯಾರಿಗೂ ಹೇಳದೆ ಮದುವೆಯಾಗಿದ್ದಾನೆ. ಈ ವಯಸ್ಸಿನಲ್ಲಿ ಸಂಕೋಚ ಸಹಜ. ನಾವಾಗಿ ಕೇಳುವುದು ಬೇಡ, ಸೂಕ್ಷ್ಮವಾಗಿ ನಡೆದುಕೊಳ್ಳೋಣ.

ಆ ಕಟ್ಟಡದವರ ಸೂಕ್ಷ್ಮ ಎಂದರೆ ಆನೆ ತುದಿಗಾಲಲ್ಲಿ ನಡೆದಂತೆ. ಗುರುವಾರ ಬೆಳಗ್ಗೆ ಮಾವನ ಬಾಗಿಲಲ್ಲಿ ಎರಡು ಪ್ಯಾಕೆಟ್ ಹಾಲಿತ್ತು. ಮೆಟ್ಟಿಲಿಳಿಯುವಾಗ, ಇಷ್ಟು ವರ್ಷ ತಲೆಯೆತ್ತದೆ ಹೊಲಿಯುತ್ತಿದ್ದ ಟೈಲರಮ್ಮ ಮೆಷಿನ್ ನಿಲ್ಲಿಸಿ ನಕ್ಕರು.

"ಏನ್ ಮಾವ, ಮುಖದಲ್ಲಿ ಕಳೆ ಬಂದಿದೆ!"

ಮಾವ ಮುಖ ಮುಟ್ಟಿ ನೋಡಿಕೊಂಡ. ಗಲ್ಲ ಮುಂದೆ ಮಾಡುವ ಅಭ್ಯಾಸದ ಫಲವಿರಬೇಕು ಎಂದುಕೊಂಡ. ಗೇಟಿನಲ್ಲಿ ಕಾರ್ಯದರ್ಶಿ ಹೆಗಲ ಮೇಲೆ ಕೈ ಹಾಕಿದರು.

"ಮನೇಲಿ ಎಲ್ಲಾ ಅನುಕೂಲವಾಗಿದೆ ತಾನೆ? ಗಾಳಿ, ಬೆಳಕು?"

"ಬೆಳಕು ಬಹಳ ಚೆನ್ನಾಗಿದೆ ಸಾರ್! ಬೆಳಗ್ಗೆ ಹೊತ್ತು ಕಿಟಕಿ ಪಕ್ಕ ಕೂರಿಸಿಬಿಟ್ರೆ ಬೇರೇನೂ ಬೇಡ. ಪರದೆ ಮಾತ್ರ ಇನ್ನೂ ತೆಳ್ಳಗಿರಬೇಕಿತ್ತು."

"ತೆಳ್ಳಗಾ?" ಕಾರ್ಯದರ್ಶಿ ಸುತ್ತ ನೋಡಿ ದನಿ ತಗ್ಗಿಸಿದರು. "ದಪ್ಪದ್ದೇ ಹಾಕ್ರೀ. ಎದುರುಗಡೆ ಮನೇಲಿ ಪರೀಕ್ಷೆಗೆ ಓದೋ ಮಕ್ಕಳಿದಾರೆ."

ತನ್ನ ಫೋಟೋ ಬಗ್ಗೆ ಪರೀಕ್ಷೆಯ ಮಕ್ಕಳಿಗೂ ಇಷ್ಟು ಆಸಕ್ತಿಯೇ ಎಂದು ಮಾವನಿಗೆ ಹೆಮ್ಮೆಯಾಯಿತು. ಆ ದಿನ ಅಂಗಡಿಯಲ್ಲಿ ಒಬ್ಬರ ದೂರದೃಷ್ಟಿಯ ಗಾಜನ್ನು ಇನ್ನೊಬ್ಬರ ಚೌಕಟ್ಟಿಗೆ ಕೂರಿಸಿಬಿಟ್ಟ.

ಮಾವನಿಗೆ ನಿಜ ಗೊತ್ತಾದದ್ದು ಅಂದು ಸಂಜೆ. ಕಂಡಕ್ಟರ್ ತಮ್ಮ ಬಾಗಿಲಲ್ಲಿ ಕಾದು ನಿಂತಿದ್ದರು.

"ಅಡುಗೆ ಯಾರು ಮಾಡೋದು ಮಾವ? ನೀವಾ, ಅವರಾ?"

"ಯಾರು?"

"ಅದೇರೀ, ಮೇಲ್ಗಡೆ ಇರೋರು. ನನ್ನ ಹತ್ರ ಮುಚ್ಚುಮರೆ ಯಾಕೆ? ನೀವು ಅವರನ್ನ ನಗು ನಗು ಅಂತ ಎಷ್ಟು ಪ್ರೀತಿಯಿಂದ ಕೇಳ್ತೀರಿ! ಕೆಳಗೆ ಕೂತು ನಂಗೇ ಕಣ್ಣಲ್ಲಿ ನೀರು ಬಂತು."

ಮಾವನಿಗೆ ಹಾಲು, ಕಳೆ, ಪರದೆ ಎಲ್ಲದರ ಅರ್ಥ ಒಟ್ಟಿಗೆ ಆಯಿತು. ಮೇಲ್ಗಡೆ ಯಾರೂ ಇಲ್ಲ ಎಂದು ಹೇಳಲು ಬಾಯಿ ತೆರೆದ. ಮೂರೇ ಮೂರು ಪದ. ಅವನು ದಿನಾ ಸಂಜೆ ಬೀಗ ತೆಗೆಯುವಾಗ ಅವನ ಮನಸ್ಸೇ ಅವನಿಗೆ ಹೇಳುತ್ತಿದ್ದ ಪದಗಳು. ಅವನ್ನು ಇನ್ನೊಬ್ಬರೆದುರು ಗಟ್ಟಿಯಾಗಿ ಹೇಳಬೇಕಾದಾಗ ಬೇರೆ ಮಾತೇ ಹೊರಬಂತು.

"ಅಡುಗೆ ನಾನೇ ಮಾಡ್ತೀನಿ" ಎಂದ. ಅದು ಸುಳ್ಳಲ್ಲ.

ಮೇಲೆ ಹೋಗಿ ಬೀಗ ತೆಗೆದು, ಕೆಳಗೆ ಕೇಳಲೆಂದೋ ಏನೋ, "ಬಂದೆ" ಎಂದ. ಆ ಮನೆಗೆ ಬಂದ ಮೇಲೆ ಮೊದಲ ಸಲ ಆ ಮಾತು ಆಡಿದ್ದು. ಸ್ವಲ್ಪ ಹೊತ್ತು ನಿಂತು ಕೇಳಿಸಿಕೊಂಡ. ಫ್ರಿಜ್ಜು ಗುರುಗುಟ್ಟಿತು. ಎರಡನೆಯ ಪ್ಯಾಕೆಟ್ ಹಾಲು ಕೆಡುತ್ತದಲ್ಲ ಎಂದು ಎರಡು ಲೋಟ ಕಾಫಿ ಮಾಡಿ, ಎರಡನ್ನೂ ಅವನೇ ಕುಡಿದ. ಬಹಳ ಬೇಸರವಾಗಿತ್ತು. ಹೇಳಿಬಿಟ್ಟಿದ್ದರೆ ಚೆನ್ನಾಗಿತ್ತು. ಹೇಳಿಬಿಟ್ಟರೆ ನಾಳೆಯಿಂದ ಟೈಲರಮ್ಮ ಮೆಷಿನ್ ನಿಲ್ಲಿಸುವುದಿಲ್ಲ.

ಹೀಗೆ ಶುಕ್ರವಾರವೂ ಕಳೆಯಿತು. ಆದರೆ ಕಾರ್ಯದರ್ಶಿ ನಿಯಮದ ಮನುಷ್ಯ. ತುರ್ತು ಸಂದರ್ಭಕ್ಕೆಂದು ಮಾವ ಕೊಟ್ಟಿದ್ದ ಅಕ್ಕನ ನಂಬರಿಗೆ ಫೋನ್ ಮಾಡಿ, "ಶುಭಾಶಯ ಹೇಳೋಣ ಅಂತ" ಎಂದರು. ಇಷ್ಟು ತುರ್ತಾಗಿ ಆ ನಂಬರು ಹಿಂದೆಂದೂ ಬಳಕೆಯಾಗಿರಲಿಲ್ಲ. ಶನಿವಾರ ಬೆಳಗ್ಗೆ, ಮಾವ ಕುರ್ಚಿಗೆ ಓಡುವ ಹೊತ್ತಿಗೆ ಸರಿಯಾಗಿ, ಅಕ್ಕ ಬಾಗಿಲು ತಳ್ಳಿಕೊಂಡು ಒಳಬಂದಳು. ಹಿಂದೆ ಭಾವ, ಅವರ ಹಿಂದೆ ಕಾರ್ಯದರ್ಶಿ, ಟೈಲರಮ್ಮ, ಕಂಡಕ್ಟರ್.

"ಎಲ್ಲೋ ಅವಳು?"

"ಯಾರಕ್ಕಾ?"

"ಅಕ್ಕ ಅಂತೆ ಅಕ್ಕ! ಒಡಹುಟ್ಟಿದೋಳಿಗೆ ಒಂದು ಮಾತು ಹೇಳ್ಬೇಕು ಅನ್ನಿಸ್ಲಿಲ್ವಾ? ನಾನೇನು ಬೇಡ ಅಂತಿದ್ನಾ? ಊರಿಗೆಲ್ಲಾ ಗೊತ್ತು, ನಂಗೊಬ್ಳಿಗೆ ಗೊತ್ತಿಲ್ಲ!" ಅಕ್ಕ ಅಡುಗೆಮನೆ ನೋಡಿದಳು, ಬಚ್ಚಲು ನೋಡಿದಳು, ಕೊನೆಗೆ ಬೀರುವಿನ ಬಾಗಿಲನ್ನೂ ತೆರೆದಳು. ಭಾವ ಬಗ್ಗಿ ಮಂಚದ ಕೆಳಗೆ ನೋಡಿ, ಅಲ್ಲಿಂದಲೇ "ಇಲ್ಲೂ ಇಲ್ಲ" ಎಂದರು.

"ಯಾರೂ ಇಲ್ಲಕ್ಕಾ" ಎಂದ ಮಾವ.

"ಸುಳ್ಳು!" ಕಂಡಕ್ಟರ್ ಮುಂದೆ ಬಂದರು. "ನನ್ನ ಕಿವಿಯಾರೆ ಕೇಳಿದೀನಿ. 'ಕತ್ತು ಸ್ವಲ್ಪ ಈ ಕಡೆ' ಅಂತ ಹೇಳಿದ್ದು ಯಾರಿಗೆ ಹಾಗಾದ್ರೆ?"

ಮಾವ ಕುರ್ಚಿ ತೋರಿಸಿದ. ಸ್ಟ್ಯಾಂಡಿನ ಮೇಲಿನ ಬೆಡ್‌ಶೀಟ್ ತೋರಿಸಿದ. ಸಕ್ಕರೆ ಡಬ್ಬದ ಮೇಲಿನ ಮೊಬೈಲ್ ತೋರಿಸಿದ. ಯಾರಿಗೂ ಅರ್ಥವಾಗಲಿಲ್ಲ. ಕಡೆಗೆ ಟೈಮರ್ ಒತ್ತಿ, ಓಡಿಹೋಗಿ, ಧೊಪ್ಪನೆ ಕೂತು, ಅಷ್ಟು ಜನರೆದುರು ಸಣ್ಣ ದನಿಯಲ್ಲಿ ಹೇಳಿದ:

"ಎಷ್ಟು ಚೆನ್ನಾಗಿ ಕಾಣ್ತಿದೀಯ. ಎಲ್ಲಿ, ಸ್ವಲ್ಪ ನಗು ನೋಡೋಣ."

ಮೊಬೈಲು ಕ್ಲಿಕ್ ಎಂದಿತು. ಭಾವ ಕೆಮ್ಮಿದರು. ಕಂಡಕ್ಟರ್ ತಮ್ಮ ಕಾಲ ಬೆರಳು ನೋಡಿಕೊಳ್ಳುತ್ತಾ ನಿಂತರು.

"ಅಂದ್ರೆ... ನಿನಗೆ ನೀನೇ ಹೇಳ್ಕೋತಿದ್ಯೇನೋ?" ಎಂದಳು ಅಕ್ಕ.

"ಹೂಂ. ಫೋಟೋಗೆ."

ಅಕ್ಕನಿಗೆ ಅಳು ಬಂತು. ಅಳು ಬಂದಾಗ ಬೈಯುವುದು ಅವಳ ಪದ್ಧತಿ. "ದಡ್ಡ! ಒಂದು ಫೋನ್ ಮಾಡಿದ್ರೆ ನಾನು ಬಂದು ಹೇಳ್ತಿರ್ಲಿಲ್ವಾ?" ಎಂದು ಬೈದು, ಆ ಕುರ್ಚಿಯಲ್ಲೇ ಕುಸಿದು ಕೂತು ಕಣ್ಣೊರೆಸಿಕೊಂಡಳು.

ಅಲ್ಲೇ ಎಡವಟ್ಟಾದದ್ದು. ಪರದೆಯಿಂದ ಸೋಸಿಬಂದ ಬೆಳಕು ಅವಳ ಕೆನ್ನೆಯ ಮೇಲೆ ಬಿತ್ತು. ಬಿಳಿ ಬಟ್ಟೆ ಇನ್ನೊಂದು ಮಗ್ಗುಲನ್ನು ಬೆಳಗಿತು. ಒದ್ದೆ ಕಣ್ಣಿನಲ್ಲಿ ಕಿಟಕಿ ಹೊಳೆಯಿತು. ಮಾವನ ಕೈ ತಡೆಯದಾಯಿತು.

"ಅಕ್ಕಾ, ಅಲ್ಲಾಡಬೇಡ. ಗಲ್ಲ ಚೂರು ಮುಂದೆ... ಹಾಂ, ಹಾಗೇ!"

ಫೋಟೋ ನೋಡಿ ಭಾವ ಬೆರಗಾದರು. "ಇವಳು ಇಷ್ಟು ಚೆನ್ನಾಗಿದಾಳಾ?" ಎಂದು ಕೇಳಿ, ಆ ಪ್ರಶ್ನೆಗೆ ತಕ್ಕ ನೋಟವನ್ನು ಅಕ್ಕನಿಂದ ಪಡೆದರು. ಟೈಲರಮ್ಮ ಕೂದಲು ಸರಿಮಾಡಿಕೊಂಡು "ನಂದೂ ಒಂದು" ಎಂದರು. ಕಾರ್ಯದರ್ಶಿ ತಮ್ಮ ಬೋಳುತಲೆ ಈ ಬೆಳಕಿನಲ್ಲಿ ಹೇಗೆ ಬರಬಹುದೆಂದು ವಿಚಾರಿಸಿದರು. ಕಂಡಕ್ಟರ್ "ಒಬ್ಬೊಬ್ರೇ ಬನ್ನಿ, ನೂಕಬೇಡಿ" ಎಂದು ಸಾಲು ಮಾಡಿಸಿ, ಮಧ್ಯೆ ತಾವೂ ನುಸುಳಿದರು. ಮಾವ ಎಲ್ಲರನ್ನೂ ನಗಿಸಿದ. ಎಲ್ಲರೂ ಚೆನ್ನಾಗಿ ಬಂದರು. ಕಟ್ಟಡದವರೆಲ್ಲರೂ ತಂತಮ್ಮ ಫೋಟೋ ತಮ್ಮ ಮೊಬೈಲಿಗೆ ಹಾಕಿಸಿಕೊಂಡು, ಅದನ್ನೇ ನೋಡುತ್ತಾ ಮೆಟ್ಟಿಲಿಳಿದು ಹೋದರು.

ಸಂಜೆ ಹೊರಡುವಾಗ ಅಕ್ಕ ತಮ್ಮನ ತಲೆ ಸವರಿ, "ನಾಳೆ ಗೋಡೆ ಕೆಲಸ ಕಣೋ. ನಿನ್ನ ಫೋಟೋ ಕಳ್ಸೋದು ಮರೀಬೇಡ" ಎಂದಳು. ಅಕ್ಕ ಭಾವರನ್ನು ಬಸ್ಸು ಹತ್ತಿಸಿ ಬಂದು ಬೀಗ ತೆಗೆದಾಗ ಅವನು "ಬಂದೆ" ಎನ್ನಲಿಲ್ಲ.

ಭಾನುವಾರ ಬಾಗಿಲಲ್ಲಿ ಒಂದೇ ಪ್ಯಾಕೆಟ್ ಹಾಲಿತ್ತು. ಟೈಲರಮ್ಮನ ಮೆಷಿನ್ ಎಡೆಬಿಡದೆ ಓಡುತ್ತಿತ್ತು. ಅಕ್ಕನ ಮಗಳ ಸಂದೇಶ ಬಂತು: ಮೊಳೆ ಹೊಡೆಯೋರು ಬಂದಿದಾರೆ ಮಾವ, ನಿನ್ನದೊಂದೇ ಬಾಕಿ.

ನೆರಳನ್ನೇ ಹಾಕಿಸು ಎಂದು ಬರೆಯಲು ಹೊರಟು, ಅಳಿಸಿದ. ಕೊನೆಯ ಸಲ ಎಂದುಕೊಂಡು ಪರದೆ ಎಳೆದ, ದೀಪ ಆರಿಸಿದ, ಬೆಡ್‌ಶೀಟ್ ಹರವಿದ. ಟೈಮರ್ ಒತ್ತಿ ಬೆಕ್ಕಿನ ಹೆಜ್ಜೆಯಲ್ಲಿ ಹೋಗಿ ಸದ್ದಾಗದಂತೆ ಕೂತ. ಮಾತಾಡಲಿಲ್ಲ. ನೆಲ ತೆಳ್ಳಗಿದೆಯೆಂದು ಗೊತ್ತಾದ ಮೇಲೆ ಮಾತಾಡುವುದು ಹೇಗೆ? ಕ್ಲಿಕ್. ಹಲ್ಲುನೋವು. ಮತ್ತೆ ಒತ್ತಿದ. ಕ್ಲಿಕ್. ಈ ಸಲ ಹಲ್ಲು ಕಿತ್ತಾದ ಮೇಲಿನ ಮುಖ. ಕೆಳಮನೆಯಲ್ಲೂ ಸದ್ದಿರಲಿಲ್ಲ. ಕಂಡಕ್ಟರ್ ಊರಲ್ಲಿಲ್ಲವೇನೋ ಎಂದು ಧೈರ್ಯ ಮಾಡಿ, ತುಟಿ ಅಲುಗಿತೋ ಇಲ್ಲವೋ ಎಂಬಷ್ಟು ಮೆಲ್ಲಗೆ ಅಂದ:

"ಎಲ್ಲಿ, ಸ್ವಲ್ಪ ನಗು..."

"ಕೇಳಿಸ್ಲಿಲ್ಲ!" ಎಂದು ನೆಲದಡಿಯಿಂದ ಗರ್ಜನೆ ಬಂತು. "ಜೋರಾಗಿ ಹೇಳಿ ಮಾವ!"

ಮಾವ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟ. "ಏ... ಏನಿಲ್ಲ. ನಗು ಅಂದೆ."

"ನಕ್ಕಿದೀನಿ! ಮುಂದೆ?"

"ಮುಂದೆ... ಕತ್ತು ಸ್ವಲ್ಪ ಕಿಟಕಿ ಕಡೆ."

"ತಿರುಗಿಸ್ದೆ! ನನ್ನ ಕಿಟಕೀಲಿ ಬರೀ ಗೋಡೆ ಕಾಣತ್ತೆ, ಪರ್ವಾಗಿಲ್ವಾ?"

"ಪರ್ವಾಗಿಲ್ಲ. ಗಲ್ಲ ಚೂರು ಮುಂದೆ."

"ಮುಂದೆ ಹೋಗಿ, ಮುಂದೆ ಹೋಗಿ ಅಂತ ಜೀವಮಾನ ಎಲ್ಲಾ ನಾನು ಹೇಳಿದ್ದು. ಈಗ ನಂಗೇ ಹೇಳ್ತೀರಾ? ಆಯ್ತು, ಹೋಗಿದೀನಿ. ಹೇಗೆ ಕಾಣ್ತಿದೀನಿ ಹೇಳಿ?"

"ಬಹಳ ಚೆನ್ನಾಗಿ ಕಾಣ್ತಿದೀರಿ!" ಎಂದ ಮಾವ ನೆಲ ನೋಡಿಕೊಂಡು.

"ಅದು ನಂಗೆ ಗೊತ್ತು. ಈಗ ನೀವು ಟೈಮರ್ ಒತ್ತಿ. ಓಡಿ! ನಾನು ಇಲ್ಲಿಂದ ನೋಡ್ಕೋತೀನಿ."

ಮಾವ ಒತ್ತಿದ. ಬೆಕ್ಕಿನ ಹೆಜ್ಜೆ ಮರೆತು ದಡದಡ ಓಡಿದ. ಧೊಪ್ಪನೆ ಕೂತ.

"ಹೋಲ್ಡಾನ್!" ಎಂದಿತು ನೆಲ. "ಕೂತ್ರಿ, ಕೇಳಿಸ್ತು. ಟಿಕೆಟ್ ತಗೊಂಡಿಲ್ದೋರು ಯಾರಾದ್ರೂ ಇದೀರಾ? ಇಲ್ವಾ? ಹಾಗಾದ್ರೆ... ರೈಟ್!"

ಮಾವನಿಗೆ ನಗು ಬಂತು. ಬಾಯಿಗೆ ಬಂದದ್ದು ಹೊಟ್ಟೆಗೆ ಇಳಿದು, ಹೊಟ್ಟೆಯಿಂದ ಮತ್ತೆ ಬಾಯಿಗೆ ಬಂತು. ಕುರ್ಚಿ ಅಲುಗಿ ಸ್ಟ್ಯಾಂಡಿಗೆ ತಗುಲಿ ಬೆಡ್‌ಶೀಟ್ ಜಾರಿತು. ಮೊಬೈಲು ಕ್ಲಿಕ್ ಎಂದಿತು.

ಫೋಟೋ ಶಾಸ್ತ್ರಬದ್ಧವಾಗಿರಲಿಲ್ಲ. ತಲೆ ಓರೆಯಾಗಿತ್ತು, ಗಲ್ಲ ಎಲ್ಲಿರಬಾರದೋ ಅಲ್ಲಿತ್ತು, ಕಣ್ಣು ನಗುವಿನಲ್ಲಿ ಮುಚ್ಚಿಹೋಗಿ ಒಳಗೆ ಕಿಟಕಿಯ ಚೌಕಕ್ಕೆ ಜಾಗವೇ ಇರಲಿಲ್ಲ. ಆದರೆ ಬೆಳಗಿನ ಬೆಳಕು ಮುಖದ ತುಂಬ ಇತ್ತು. ಎರಡನೆಯ ಸಲ ಯೋಚಿಸಿದರೆ ಮನಸ್ಸು ಬದಲಾದೀತೆಂದು ಮಾವ ಕಳಿಸಿಯೇಬಿಟ್ಟ.

ಕೆಳಗಿನಿಂದ ದನಿ ಬಂತು: "ಸರಿಯಾಗಿ ಬಂತಾ?"

"ಬಂತು! ಕಾಫಿ ಇಡ್ತೀನಿ, ಮೇಲೆ ಬನ್ನಿ!"

ಕೆಳಮನೆಯ ಬಾಗಿಲು ತೆರೆದ ಸದ್ದಾಯಿತು. ಅಷ್ಟರಲ್ಲಿ ಅಕ್ಕನ ಮಗಳ ಉತ್ತರವೂ ಬಂತು: "ಮಾವ, ಎಷ್ಟು ಚೆನ್ನಾಗಿ ಕಾಣ್ತಿದೀಯ! ಯಾರು ತೆಗೆದಿದ್ದು?"

ಮಾವ ಕೊಂಚ ಯೋಚಿಸಿ ಬರೆದ: "ಕೆಳಮನೆಯವರು."